ಐದನೇ ಸಲದ ಕಾರ್ಡು

ನಮ್ಮ ನಿಘಂಟು ಕಚೇರಿಯಲ್ಲಿ ಇಂಗ್ಲಿಷ್ ಪದಕ್ಕೊಂದು ಕಾರ್ಡು. ಅರ್ಥದ ಜೊತೆಗೆ, ಯಾರಾದರೂ ನಿಜವಾಗಿ ಆಡಿದ ಮಾತೊಂದು ಉದಾಹರಣೆಯಾಗಿ ಇರಲೇಬೇಕು. ನನ್ನ ಪಾಲಿಗೆ ‘ಫ್ಯೂರಿಯಸ್’ ಬಂತು. ‘ಉಗ್ರ, ರೌದ್ರ, ಕೆಂಡಾಮಂಡಲವಾದ’ ಎಂದು ಬರೆದುಕೊಟ್ಟೆ. ಸಂಪಾದಕರು ನಾಲ್ಕು ಸಲ ವಾಪಸ್ ಕಳಿಸಿದರು.

“ಅರ್ಥವೇನೋ ಸರಿ, ಉದಾಹರಣೆ ಸಪ್ಪೆ ಕಣಯ್ಯಾ.”

ಐದನೇ ಸಲವೂ ಅದನ್ನೇ ಅಂದಾಗ ನನ್ನ ಪಿತ್ತ ನೆತ್ತಿಗೇರಿತು. ಮೇಜು ಗುದ್ದಿ, ಹನ್ನೊಂದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಕಾರಿಕೊಂಡೆ. ಪಕ್ಕದ ಕೋಣೆಯ ಟೈಪಿಂಗ್ ಸದ್ದೂ ನಿಂತುಹೋಯಿತು.

ಸಂಪಾದಕರು ತಲೆ ಬಗ್ಗಿಸಿ ಅಷ್ಟನ್ನೂ ಕಾರ್ಡಿನ ಮೇಲೆ ಬರೆದುಕೊಂಡರು.

“ಈಗ ಸರಿಹೋಯ್ತು. ಆದ್ರೆ ಇದರಲ್ಲಿ ನಾಲ್ಕು ಬೈಗುಳ ಯಾವ ನಿಘಂಟಿನಲ್ಲೂ ಇಲ್ಲ. ಸಂಜೆಯೊಳಗೆ ಅವುಗಳ ಅರ್ಥ ಬರೆದುಕೊಡು. ಉದಾಹರಣೆಗೆ ನಾನಿದ್ದೀನಲ್ಲ.”