ಹಿಂಬದಿಯ ಗಾಜು

ಮಿರಜಿನ ದಂತವೈದ್ಯ ಹರ್ಷದನ ಫೋನು ಬಂದಾಗ ಬಾಪೂಸಾಹೇಬರು ಮಾಧವನಗರದ ಅಂಗಡಿಯಲ್ಲಿ ಪೇಪರು ಓದುತ್ತ ಕೂತಿದ್ದರು. ಮಗ್ಗದ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ. ಈಗ ಅದನ್ನು ಮಗ ಅನೇಕಾಂತ ನೋಡಿಕೊಳ್ಳುತ್ತಾನೆ. ಇವರು ಬೆಳಿಗ್ಗೆ ಒಂದು ಸುತ್ತು ಬಂದು, ಹಳೆಯ ಗಿರಾಕಿ ಸಿಕ್ಕರೆ ನಾಲ್ಕು ಮಾತಾಡಿ, ಊಟದ ಹೊತ್ತಿಗೆ ವಿಶ್ರಾಮಬಾಗದ ಮನೆ ಸೇರುತ್ತಾರೆ. ಕೈ ಸುಮ್ಮನಿದ್ದು ರೂಢಿಯಿಲ್ಲದ ಮನುಷ್ಯ. ಹಾಗಾಗಿ ಯಾರು ಯಾವ ಕೆಟ್ಟ ಯಂತ್ರದ ಸುದ್ದಿ ಹೇಳಿದರೂ ಎದ್ದು ಹೊರಡುತ್ತಿದ್ದರು.

"ಕಾಕಾ, ಒಂದು ಸಣ್ಣ ಪಂಪ ಐತಿ. ತಿರಗವಲ್ದು. ಬಂದು ನೋಡ್ತೀರೇನು?" ಎಂದ ಹರ್ಷದ. ಅವನ ಕನ್ನಡ ಅಜ್ಜಿಯಿಂದ ಬಂದದ್ದು. ಎಲ್ಲಿ ತಡವರಿಸುತ್ತದೋ ಅಲ್ಲಿಂದ ಮರಾಠಿಗೆ ಹೊರಳುತ್ತಿತ್ತು.

ಪಂಪು ಇದ್ದದ್ದು ದವಾಖಾನೆಯ ಮುಂದಿನ ಕೋಣೆಯಲ್ಲಿ, ರೋಗಿಗಳು ಕೂತು ನೋಡಲೆಂದು ಇಟ್ಟ ಮೀನಿನ ಟಾಕಿಯ ಕೆಳಗೆ. ಅದು ಸಮುದ್ರದ ಮೀನಿನ ಟಾಕಿ, ಉಪ್ಪುನೀರಿನದು. ನೀರು ಮಜ್ಜಿಗೆಯ ತಿಳಿಯಂತೆ ಕದಡಿತ್ತು. ಹರ್ಷದ ಅದರ ಕಡೆ ನೋಡದೆ ಹೇಳಿದ. "ಶನಿವಾರ ಬಂದ್ ಮಾಡಿ ಹೋಗಿದ್ದೆ. ಸೋಮವಾರ ಬಂದ್ರ ಪಂಪ ನಿಂತಿತ್ತು. ಎಲ್ಲಾ ಹೋದ್ವು ಕಾಕಾ. ಒಂದ ಉಳದೈತಿ."

ಉಳಿದಿದ್ದನ್ನು ಬಾಪೂಸಾಹೇಬರು ಬಗ್ಗಿ ನೋಡಿದರು. ಬೆರಳುದ್ದದ ಕಂದು ಮೀನು. ಬಣ್ಣವಿಲ್ಲ, ಅಂದವಿಲ್ಲ. ದಪ್ಪ ತುಟಿ, ನೆತ್ತಿಯ ಮೇಲೆ ಎರಡು ಕಣ್ಣು, ಒಂದು ಅತ್ತ ತಿರುಗಿದರೆ ಇನ್ನೊಂದು ಇತ್ತ. ಮೀನಿನ ಹಾಗೆ ಈಜದೆ, ಒಂದು ಕಲ್ಲಿನ ಮೇಲೆ ಗದ್ದ ಎತ್ತಿ ಕೂತು ಇವರನ್ನೇ ನೋಡುತ್ತಿತ್ತು.

ಪಂಪು ಮುಷ್ಟಿಯೊಳಗೆ ಹಿಡಿಯುವಷ್ಟು ಇತ್ತು. ಒಳಗಿನ ತಂತಿಯ ಸುತ್ತನ್ನು ಎರಕ ಹೊಯ್ದು ಪೂರಾ ಮುಚ್ಚಿಬಿಟ್ಟಿದ್ದರು, ಬಾಪೂಸಾಹೇಬರ ಜೀವಮಾನದ ವಿದ್ಯೆಗೆ ಅಲ್ಲಿ ಕೆಲಸವಿರಲಿಲ್ಲ. ಕೈಗೆ ಬಂದದ್ದು ತಿರುಗುವ ಭಾಗ ಮಾತ್ರ, ರೆಕ್ಕೆ ಅಂಟಿಸಿದ ಚುಂಬಕದ ತುಂಡು. ಅದರ ಸುತ್ತ ಸುಣ್ಣದಂಥ ಹಕ್ಕಳೆ ಗಟ್ಟಿಯಾಗಿ ಕೂತಿತ್ತು. ವಿನೆಗರಿನಲ್ಲಿ ನೆನೆಹಾಕಬೇಕು ಎಂದ ಹರ್ಷದ. ಹುದುಗಿಸಿ ಹುಳಿಮಾಡಿದ ಪದಾರ್ಥ ಜೈನರಾದ ಬಾಪೂಸಾಹೇಬರ ಮನೆಯಲ್ಲಿ ಬಳಸುವುದಿಲ್ಲ. ಅವರು ಪಂಪನ್ನು ಮನೆಗೆ ಒಯ್ದು ಲಿಂಬೂಸತ್ವ, ಎಂದರೆ ನಿಂಬೆ ಉಪ್ಪು, ಕರಗಿಸಿದ ನೀರಿನಲ್ಲಿ ಮುಳುಗಿಸಿಟ್ಟರು. ಮರುದಿನ ತಿಕ್ಕಿ ತೊಳೆದು ಜೋಡಿಸಿದರೆ ಸದ್ದಿಲ್ಲದೆ ತಿರುಗಿತು.

ಅದನ್ನು ಹಿಂತಿರುಗಿಸಲು ಹೋದಾಗ ಹರ್ಷದ ತಗೊಳ್ಳಲೇ ಇಲ್ಲ. "ನನ್ನ ಕೈಲೆ ಆಗೂದಿಲ್ಲ ಕಾಕಾ. ಮುಂಜಾನೆ ಬಾಗಲಾ ತಗದ ಕೂಡ್ಲೆ ಅದನ್ನ ನೋಡಬೇಕು. ಟಾಕಿ, ಪಂಪ, ದೀಪಾ, ಎಲ್ಲಾ ನೀವ ಒಯ್ರಿ. ಅದನ್ನೂ ಒಯ್ರಿ."

"ಏನ ತಿಂತೈತಿ ಅದು?"

"ಕಲ್ಲಿನ ಮ್ಯಾಲಿನ ಪಾಚಿ ಮೇಯ್ತೈತಿ, ಆಕಳ ಇದ್ದಂಗ. ಕಡಿಮಿ ಬಿದ್ದರ ಇದು." ಹರ್ಷದ ಒಂದು ಪೊಟ್ಟಣ ಕೊಟ್ಟ. ಸೀಗಡಿ ಒಣಗಿಸಿ ಅರೆದು ಮಾಡಿದ ಕಾಳು.

ಆ ಪೊಟ್ಟಣವನ್ನು ಬಾಪೂಸಾಹೇಬರು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿ, ಹೆಂಡತಿಗೆ ಬರೀ ಮೀನಿನ ವಿಷಯ ಹೇಳಿದರು. ಜಿನಮತಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಬಾಗಲಿಗೆ ಬಂದ ಜೀವಾನ ತಿರುಗಿಸಿ ಕಳಸೂದು ಹೆಂಗ್ರಿ. ಬರಲಿ. ಆದ್ರ ಅದರ ಹೊಟ್ಟಿಗೆ ಅಂತ ಇನ್ನೊಂದ ಜೀವಾ ಕೊಂದದ್ದು ನನ್ನ ಮನ್ಯಾಗ ಬರೂದು ಬ್ಯಾಡ."

"ಪಾಚಿ ತಿಂತೈತಂತ."

"ಹಂಗಾದ್ರ ನಮ್ಮ ಪೈಕಿನ ಆತು," ಎಂದಳು ಜಿನಮತಿ.

ಟಾಕಿಯನ್ನು ಮನೆಯಲ್ಲಿ ಕೂರಿಸುವ ಕೆಲಸದಲ್ಲಿ ಬಾಪೂಸಾಹೇಬರು ಹತ್ತು ವರ್ಷ ಹಿಂದಕ್ಕೆ ಹೋದಂತೆ ಕಂಡರು. ಅಲ್ಲಿಯವರೆಗೆ ಮೀನು ಹಳೆಯ ಕಲ್ಲುಗಳೊಂದಿಗೆ ಒಂದು ಅಗಲ ಟಬ್ಬಿನಲ್ಲಿ, ಗಾಳಿಯ ಗುಳ್ಳೆ ಬಿಡುವ ಯಂತ್ರದ ಜೊತೆ ಕಾಯುತ್ತಿತ್ತು. ಮೊದಲು ಖಾಲಿ ಟಾಕಿಯನ್ನು ಅಂಗಳದಲ್ಲಿಟ್ಟು ಸಾದಾ ನೀರು ತುಂಬಿ, ಎಲ್ಲಿ ಸೋರುತ್ತದೆ ಎಂದು ನೋಡಿದರು. ಒಂದು ಮೂಲೆಯಲ್ಲಿ ಒಸರು ಕಂಡಿತು. ಒಣಗಿಸಿ, ಸಿಲಿಕಾನು ಕೆರೆದು ಹೊಸದು ಹಾಕಿದರು. ಕಬ್ಬಿಣದ ಸ್ಟ್ಯಾಂಡಿನ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬರುವ ತನಕ ಕಾಲ ಕೆಳಗೆ ತಗಡಿನ ಚೂರು ಸೇರಿಸಿದರು. ಅನೇಕಾಂತ ಬಂದು ಒಂದು ಕಡೆ ಹಿಡಿದ. ಮೇಲಿನ ಟಾಕಿಯ ನೀರು ಕೊಳವೆಯಲ್ಲಿ ಕೆಳಗಿನ ಸಣ್ಣ ತೊಟ್ಟಿಗೆ ಇಳಿಯಬೇಕು, ಅಲ್ಲಿ ಬಟ್ಟೆಯ ಚೀಲದಲ್ಲಿ ಸೋಸಬೇಕು, ನೊರೆ ಎಬ್ಬಿಸುವ ಯಂತ್ರ ಹೊಲಸನ್ನು ಮೇಲಿನ ಬಟ್ಟಲಿಗೆ ತಳ್ಳಬೇಕು, ಉಳಿದ ನೀರನ್ನು ಪಂಪು ಮತ್ತೆ ಮೇಲಕ್ಕೆ ಕಳಿಸಬೇಕು. ವೈರುಗಳನ್ನೆಲ್ಲ ಪ್ಲಗ್ಗಿಗಿಂತ ಕೆಳಗೆ ಜೋಲಿ ಬಿಟ್ಟು ಕಟ್ಟಿದರು, ಹನಿ ಹರಿದು ಬಂದರೂ ಕರೆಂಟಿನ ತನಕ ಹೋಗದಂತೆ.

ಉಪ್ಪು ಪುಣೆಯಿಂದ ಪಾರ್ಸೆಲ್ಲಿನಲ್ಲಿ ಬಂತು. "ಉಪ್ಪಿಗೂ ಪುಣೇಕ್ಕ ಹೋಗಬೇಕೇನ್ರಿ?" ಎಂದಳು ಜಿನಮತಿ. ಅಡಿಗೆ ಉಪ್ಪಲ್ಲ, ಸಮುದ್ರದಲ್ಲಿರುವುದೆಲ್ಲ ಇದರಲ್ಲಿದೆ ಎಂದು ಅವರು ವಿವರಿಸಿದರು. ಮನೆಯ ಫಿಲ್ಟರಿನ ನೀರು ಸಾಕೆಂದರೂ ಅವಳು ಕೇಳದೆ, ಕುಡಿಯುವ ನೀರಿನಂತೆ ಅದನ್ನೂ ಬಿಳಿ ಬಟ್ಟೆಯಲ್ಲಿ ಸೋಸಿಯೇ ಡ್ರಮ್ಮಿಗೆ ಹಾಕಿದಳು. ಉಪ್ಪು ಕರಗಿ ತಿಳಿಯಾದ ಮೇಲೆ ಬಾಪೂಸಾಹೇಬರು ಒಂದು ಹನಿ ತೆಗೆದು, ಉಪ್ಪಿನಂಶ ಅಳೆಯುವ ದುರ್ಬೀನಿನಂಥ ಸಾಧನದಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಗೆರೆ ಸರಿಯಾದ ಜಾಗಕ್ಕೆ ಬಂದಿತ್ತು.

ಕಲ್ಲುಗಳನ್ನು ಅವರು ಉಪ್ಪುನೀರಿನಲ್ಲೇ ಬ್ರಶ್ಶಿನಿಂದ ಚೆನ್ನಾಗಿ ಉಜ್ಜಿ ಒಳಗೆ ಜೋಡಿಸಿದರು. ಸತ್ತ ಮೀನುಗಳ ಹೊಲಸು ಉಳಿಯಬಾರದು ಎಂಬ ಕಾಳಜಿ. ಆಮೇಲೆ ಮೀನನ್ನು ಬಿಟ್ಟರು. ಅದು ನೇರ ನಡುಗಲ್ಲಿನ ಮೇಲೆ ಹೋಗಿ ಕೂತು, ಗದ್ದ ಎತ್ತಿ, ಒಂದು ಕಣ್ಣಿನಿಂದ ಬಾಪೂಸಾಹೇಬರನ್ನೂ ಇನ್ನೊಂದರಿಂದ ಜಿನಮತಿಯನ್ನೂ ನೋಡಿತು.

"ಬೀಗರ ಮನಿಗೆ ಬಂದ ಪಾವ್ಣ್ಯಾ ಕುಂತಂಗ ಕುಂತೈತಿ," ಎಂದಳು ಜಿನಮತಿ. ಅಂದಿನಿಂದ ಆ ನೆಂಟನ ಹೆಸರೇ ಪಾವ್ಣ್ಯಾ.

ಕೆಲಸಗಳು ತಾವಾಗಿಯೇ ಹಂಚಿಹೋದವು. ನೊರೆಯ ಬಟ್ಟಲು ತೊಳೆಯುವುದು, ಆವಿಯಾದಷ್ಟು ಸಿಹಿನೀರು ತುಂಬುವುದು, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸುವುದು ಬಾಪೂಸಾಹೇಬರಿಗೆ. ಗಾಜು ಜಿನಮತಿಗೆ. ಅದಕ್ಕೆಂದೇ ಎರಡು ಚುಂಬಕಗಳ ಜೋಡಿ ಬಂದಿತ್ತು: ಒಂದು ಒಳಗೆ, ಒಂದು ಹೊರಗೆ. ಹೊರಗಿನದನ್ನು ಎಳೆದರೆ ಒಳಗಿನದು ಹಿಂದೆಯೇ ಬಂದು ಗಾಜು ಉಜ್ಜುತ್ತದೆ. ಸ್ನಾನ ಮುಗಿಸಿ, ಬಸ್ತಿಗೆ ಹೊರಡುವ ಮುಂಚೆ ಅವಳು ಮುಂದಿನ ಗಾಜು, ಎಡದ್ದು, ಬಲದ್ದು ಎಂದು ಸಾವಕಾಶವಾಗಿ ಎಳೆಯುತ್ತಿದ್ದಳು. ಮೂಲೆಯಲ್ಲಿ ಒಂದಿಷ್ಟು ಹಸಿರು ಕಂಡರೂ ಬಿಡುತ್ತಿರಲಿಲ್ಲ. ಟಾಕಿ ಇಲ್ಲದಂತೆ, ಬರೀ ನೀರೇ ನಿಂತಂತೆ ಕಾಣಬೇಕು.

ಪಾವ್ಣ್ಯಾ ಮಾತ್ರ ಸೊರಗತೊಡಗಿತು. ಮೊದಲು ಗಮನಿಸಿದವಳು ಜಿನಮತಿಯೇ. "ಅದರ ಹೊಟ್ಟಿ ನೋಡ್ರಿ, ಒಳಗ ಹೋಗೇತಿ." ಹರ್ಷದನಿಗೆ ಫೋನು ಮಾಡಿದರು. ಅವನು ಹೇಳಿದಂತೆ ಸಮುದ್ರದ ಪಾಚಿ ಒಣಗಿಸಿದ ಹಾಳೆ ತರಿಸಿ ಗಾಜಿಗೆ ಸಿಕ್ಕಿಸಿದರು. ಅದು ಹತ್ತಿರ ಬಂತು, ನೋಡಿತು, ಹೋಗಿ ಕಲ್ಲಿನ ಮೇಲೆ ಕೂತಿತು. ಪಾಲಕ ಬೇಯಿಸಿ ಹಾಕಿದರು. ಅದಕ್ಕೂ ಅದೇ ಗತಿ.

ಅಷ್ಟರಲ್ಲಿ ಹತ್ತು ದಿನ ವ್ರತ ಹಿಡಿಯುವ ದಶಲಕ್ಷಣ ಪರ್ವ ಬಂತು. ಜಿನಮತಿಗೆ ಒಪ್ಪತ್ತಿನ ಊಟ. ಒಂದು ದಿನ ಬಸ್ತಿಯಿಂದ ಬಂದು ಟಾಕಿಯ ಮುಂದೆ ನಿಂತು ಹೇಳಿದಳು, "ನಂದು ಯಾವತ್ತ ಮುಗೀತೈತಿ ಅಂತ ನನಗ ಗೊತ್ತೈತಿ. ಇದು ಯಾವ ವ್ರತಾ ಹಿಡದೈತೋ ಏನೋ." ಆಮೇಲೆ ತಟ್ಟೆಯ ಮುಂದೆ ಕೂತರೂ ಅರ್ಧಕ್ಕೇ ಎದ್ದಳು. ಬಾಪೂಸಾಹೇಬರು ಅದನ್ನು ನೋಡಿದರು.

ಮರುದಿನ ಮಧ್ಯಾಹ್ನ ಅವಳು ಪ್ರವಚನಕ್ಕೆ ಹೋದ ಮೇಲೆ ಅವರು ಹೊರಗೆ ಹೋಗಿ ಸ್ಕೂಟರಿನ ಡಿಕ್ಕಿ ತೆಗೆದರು. ಪೊಟ್ಟಣ ಹಾಗೆಯೇ ಇತ್ತು. ಬಾಯಿ ಬಿಚ್ಚಿದಾಗ ಬಂದ ವಾಸನೆಗೆ ಮುಖ ತಿರುಗಿಸಿದರು. ಹುಟ್ಟಿದಾಗಿನಿಂದ ಮುಟ್ಟದ ವಸ್ತು. ಒಂದು ಜೀವ ಉಳಿಸಲು ಆಗಲೇ ಸತ್ತದ್ದನ್ನು ಹಾಕಿದರೆ ಏನು ತಪ್ಪು ಎಂದು ಒಂದು ಮನಸ್ಸು. ನಲವತ್ತು ವರ್ಷ ಇವಳ ಒಲೆಯ ಅನ್ನ ಉಂಡು ಇವಳ ಬೆನ್ನ ಹಿಂದೆ ಇದೇನು ಎಂದು ಇನ್ನೊಂದು. ಕೊನೆಗೆ ಒಂದೆರಡು ಕಾಳು ಅಂಗೈಗೆ ಸುರಿದುಕೊಂಡು ಒಳಗೆ ಬಂದರು.

ಮೀನು ಕಾಣಲಿಲ್ಲ. ಅದರ ಬಾಯಿಯ ಹತ್ತಿರವೇ ಹಾಕಬೇಕೆಂದು ಗೋಡೆಗೆ ಕೆನ್ನೆ ಹಚ್ಚಿ, ಟಾಕಿಯ ಹಿಂದಿನ ಸಂದಿಯಲ್ಲಿ ಇಣುಕಿದರು. ಪಾವ್ಣ್ಯಾ ಅಲ್ಲಿತ್ತು, ಹಿಂಬದಿಯ ಗಾಜಿಗೆ ಅಂಟಿಕೊಂಡು. ಗೋಡೆಯ ಕಡೆಯ ಆ ಗಾಜಿಗೆ ಹೊರಗಿನಿಂದ ಕೈ ಹೋಗುವುದಿಲ್ಲವಾಗಿ ಚುಂಬಕ ಎಂದೂ ಓಡಿರಲಿಲ್ಲ; ತೆಳ್ಳಗೆ ಹಸಿರು ಹಿಡಿದಿತ್ತು. ಆ ಹಸಿರಿನ ಮೇಲೆ ತುಂಬ ಸಣ್ಣ ಸಣ್ಣ ಗುರುತು, ಯಾರೋ ತುಟಿ ಒತ್ತಿ ಒತ್ತಿ ತೆಗೆದಂತೆ. ಅವರು ನೋಡುತ್ತಿರುವಂತೆಯೇ ಮೀನು ಬಾಯಿ ಮುಂದೆ ಚಾಚಿ ಗಾಜನ್ನು ಒಮ್ಮೆ ಕೆರೆಯಿತು. ಇನ್ನೊಂದು ಗುರುತು ಬಿತ್ತು.

ಹಿಂದೆ ಚಪ್ಪಲಿ ಬಿಚ್ಚುವ ಸದ್ದಾಯಿತು. ಜಿನಮತಿ ಅವರ ಮುಖ ನೋಡಿದಳು, ತೆರೆದ ಅಂಗೈ ನೋಡಿದಳು. ಅದೇನೆಂದು ವಾಸನೆಯೇ ಹೇಳಿತ್ತು.

"ಹಾಕಿದ್ರೇನು?"

"ಇಲ್ಲ. ಹಾಕಾಕ ಬಂದಿದ್ದೆ." ಅವರು ಪಕ್ಕಕ್ಕೆ ಸರಿದರು. "ಇಲ್ಲಿ ಬಾ. ಇದನ್ನ ನೋಡು."

ಅವಳು ಮೊಬೈಲಿನ ದೀಪ ಹಚ್ಚಿ ಸಂದಿಯಲ್ಲಿ ಹಿಡಿದಳು. ಬಹಳ ಹೊತ್ತು ನೋಡಿದಳು.

"ಅಂದ್ರ ನಾ ದಿನಾ ಇದರ ಉಣ್ಣೂ ತಾಟ ತೊಳೀಲಿಕ್ಕತ್ತಿದ್ದೆ," ಎಂದಳು.

"ನಾನೂ ಕಲ್ಲೆಲ್ಲಾ ಉಜ್ಜಿ ಇಟ್ಟೆ."

"ಕೈ ತೊಳಕೊಂಡ ಬರ್ರಿ," ಎಂದಳು ಜಿನಮತಿ. ಪೊಟ್ಟಣದ ಬಗ್ಗೆ ಅಷ್ಟೇ ಮಾತು. ಸಂಜೆ ಅವರು ಅದನ್ನು ಹರ್ಷದನಿಗೆ ಕೊಟ್ಟು ಬಂದರು.

ಚುಂಬಕ ಕಪಾಟು ಸೇರಿತು. ಪಾಚಿ ಬೆಳೆಯಲೆಂದು ಬಾಪೂಸಾಹೇಬರು ಟಾಕಿಯ ದೀಪದ ಹೊತ್ತು ಹೆಚ್ಚಿಸಿದರು. ಅಷ್ಟಕ್ಕೇ ಬಿಡಲಿಲ್ಲ, ಒಂದಿಷ್ಟು ಕಲ್ಲುಗಳನ್ನು ಅಗಲವಾದ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿನ ಜೊತೆ ಮಾಳಿಗೆಯ ಬಿಸಿಲಿಗೆ ಇಟ್ಟು, ಮಳೆ ಬೀಳದಂತೆ ಮೇಲೆ ಗಾಜು ಮುಚ್ಚಿದರು. ಹಸಿರು ಹಿಡಿದ ಕಲ್ಲು ಕೆಳಗೆ, ಮೇದು ಮುಗಿದ ಕಲ್ಲು ಮೇಲೆ. ಜಿನಮತಿ ಅದನ್ನು ಹೊಲ ಎಂದು ಕರೆದಳು. ದಿನಾ ಮುಂಜಾನೆ ಮಾಳಿಗೆ ಹತ್ತಿ, ಬೆಳೆ ಎಷ್ಟು ಬಂದಿದೆ ನೋಡಿ ಬರುವುದು ಅವಳ ಹೊಸ ಕೆಲಸವಾಯಿತು.

ಪರ್ವ ಮುಗಿದು, ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಕ್ಷಮಾವಣಿಯ ದಿನ ಮನೆತುಂಬ ಜನ. ಅಷ್ಟು ಹೊತ್ತಿಗೆ ಮುಂದಿನ ಗಾಜು ಅರ್ಧ ಮಂಕಾಗಿ, ತುಟಿಯ ಗುರುತುಗಳಿಂದ ತುಂಬಿಹೋಗಿತ್ತು. ಮಾಧವನಗರದಿಂದ ಬಂದ ಜಿನಮತಿಯ ತಂಗಿ ಛಾಯಾ ಸೆರಗಿನಿಂದ ಒಂದು ಕಡೆ ಒರೆಸಿ ನೋಡಿ, ಕಲೆ ಒಳಗಿದೆ ಎಂದು ತಿಳಿದು ಹೇಳಿದಳು, "ಅಕ್ಕಾ, ಗಾಜ ಒಂಚೂರು ತೊಳಸಬಾರದೇನ. ನಿನ್ನ ಮನಿ ಅನಿಸವಲ್ದು."

ಒಲೆಯ ಕಟ್ಟೆಯ ಮೇಲೆ ಎಣ್ಣೆಯ ಹನಿ ಬಿದ್ದರೂ ತಾಳದ ಹೆಂಗಸು ಜಿನಮತಿ. ಏನು ಹೇಳುತ್ತಾಳೋ ಎಂದು ಬಾಪೂಸಾಹೇಬರು ಕಿವಿಗೊಟ್ಟರು.

"ಇನ್ನಾ ಉಣ್ಣಾಕತ್ತೈತಿ," ಎಂದಳು ಅವಳು. "ಉಣ್ಣೂ ಮುಂದ ತಾಟ ಎತ್ತಬಾರದು."

ದೀಪಾವಳಿಗೆ ಸ್ವಲ್ಪ ಮುಂಚೆ ಹರ್ಷದ ಬಂದ. ಇಷ್ಟು ದಿನ ಬರಲು ಮನಸ್ಸಾಗಿರಲಿಲ್ಲ ಎಂದ. ಪಾವ್ಣ್ಯಾ ಕಲ್ಲಿನಿಂದ ಇಳಿದು ಗಾಜಿನ ಹತ್ತಿರ ಬಂದು ಅವನನ್ನು ನೋಡಿತು. ಅದರ ಹೊಟ್ಟೆ ತುಂಬಿ ಗುಂಡಗಾಗಿತ್ತು. ಹರ್ಷದ ಕುರ್ಚಿ ಎಳೆದುಕೊಂಡು ಕೂತವನು ಚಹಾ ಆರಿದರೂ ಏಳಲಿಲ್ಲ.

"ಡಾಕ್ಟರ, ಮೀನ ನಿಮ್ದು," ಎಂದಳು ಜಿನಮತಿ. "ಬೇಕಂದ್ರ ಒಯ್ರಿ." ಹೇಳುವಾಗ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

"ಬ್ಯಾಡ ಕಾಕೂ. ನಾ ಅವಾಗಿವಾಗ ಬಂದು ನೋಡ್ತೇನಿ, ನಡೀತೈತಿ?"

"ರವಿವಾರ ಬರ್ರಿ," ಎಂದರು ಬಾಪೂಸಾಹೇಬರು. "ನೀರ ಬದಲಿ ಮಾಡೂದಿರತೈತಿ. ಬಕೆಟ್ ಎತ್ತಾಕ ಒಬ್ರು ಬೇಕು."

ಜಿನಮತಿ ಆರಿದ ಚಹಾ ಎತ್ತಿಕೊಂಡು, ಮತ್ತೆ ಬಿಸಿ ಮಾಡಲು ಒಳಗೆ ಹೋದಳು.