ಸೂತಕದ ಮನೆಯಲ್ಲಿ ಬಾಯಿ ಮುಚ್ಚಿ ಕೂತವಳು

ನಗಿಸುವ ಹೆಂಗಸೊಬ್ಬಳ ಕತೆಯನ್ನು, ಯಾರನ್ನೂ ನಗಿಸಲು ಬಾರದವರು ಹೇಳಹೊರಡುವುದು ಉದ್ಧಟತನವೇ. ಕ್ಷಮಿಸಬೇಕು.

ಬ್ರೂಕ್ಲಿನ್ನಿನ ಫ್ರೀಡಾ ಟಾರ್ನೊಪೋಲ್ ಎಂಬಾಕೆ ಕ್ಲಬ್ಬಿನ ವೇದಿಕೆ ಹತ್ತಿದ ಕಾಲಕ್ಕೆ ಹೆಂಗಸರು ಅಲ್ಲಿ ಹಾಡಬೇಕಿತ್ತು, ಇಲ್ಲವೇ ಕುಣಿಯಬೇಕಿತ್ತು. ಫ್ರೀಡಾ ಎರಡು ಹಾಡುಗಳ ನಡುವೆ ಅತ್ತೆಯ ಜೋಕು ತೂರಿಸಿದಳು. ವರ್ಷ ಕಳೆಯುವಷ್ಟರಲ್ಲಿ ಹಾಡು ಹೋಯಿತು, ಅತ್ತೆ ಉಳಿದರು. "ನಮ್ಮತ್ತೆ ಸಾರಿನ ಪಾತ್ರೆಗೂ ಕೋಳಿಗೂ ಬರೀ ಪರಿಚಯ ಮಾಡಿಸ್ತಾರೆ, ಮದುವೆ ಮಾಡ್ಸಲ್ಲ" ಎಂದರೆ ಕೇಳಲು ಬಂದ ಯಹೂದಿ ಹೆಂಗಸರು ಕಣ್ಣೊರೆಸಿಕೊಂಡು ನಗುತ್ತಿದ್ದರು.

ನಗದವಳು ಗಂಡನ ಅಕ್ಕ ಹೆನ್ನಿ. "ನಮ್ಮಮ್ಮನ್ನ ನಗೆಪಾಟಲು ಮಾಡಿದವಳು ಈ ಹೊಸಿಲು ತುಳೀಬಾರ್ದು" ಎಂದುಬಿಟ್ಟಿದ್ದಳು. ಅದಾಗಿ ನಾಲ್ಕು ವರ್ಷ. ಗಂಡನನ್ನು ಕಳೆದುಕೊಂಡು, ಮಕ್ಕಳೂ ಇಲ್ಲದ ಫ್ರೀಡಾಗೆ ತನ್ನವರೆಂದು ಇದ್ದದ್ದು ಅತ್ತೆಯ ಆ ಮನೆಯೊಂದೇ.

ಈಗ ಅತ್ತೆ ಬ್ರೈನಾ ತೀರಿಕೊಂಡಿದ್ದರು. ಸೂತಕದ ನಾಲ್ಕನೆಯ ಮಧ್ಯಾಹ್ನ ಫ್ರೀಡಾ ವಾಡಿಕೆಯಂತೆ ಬೇಯಿಸಿದ ಮೊಟ್ಟೆಗಳ ಬಟ್ಟಲು ಹಿಡಿದು ಒಳಗೆ ಹೋದಳು. ಸೂತಕಕ್ಕೆಂದು ಕನ್ನಡಿಗೆ ಬಟ್ಟೆ ಹೊದಿಸಿತ್ತು. ಹೆನ್ನಿ ಸೂತಕದವರು ಕೂರುವ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಳು. ದುಃಖದಲ್ಲಿರುವವರು ತಾವಾಗಿ ಬಾಯಿ ತೆರೆಯುವವರೆಗೆ ಬಂದವರು ಮಾತಾಡಕೂಡದು, ಅದು ಯಹೂದಿಗಳ ಕಟ್ಟಳೆ. ಫ್ರೀಡಾ ಎದುರಿಗೆ ಕೂತಳು.

ಹದಿನೈದು ನಿಮಿಷ ಕಳೆಯಿತು. ಮೂರು ಜೋಕು ನಾಲಿಗೆಯ ತುದಿಗೆ ಬಂದವು. ಮೂರನ್ನೂ ನುಂಗಿದಳು. ಎದ್ದು ಹೋಗು ಎನ್ನುವುದಕ್ಕೂ ಹೆನ್ನಿ ಬಾಯಿ ಬಿಡಬೇಕಲ್ಲ ಎಂಬುದೊಂದೇ ಧೈರ್ಯ.

"ನೀನು ಬಾಯ್ಮುಚ್ಕೊಂಡು ಕೂತಿರೋದನ್ನ ನೋಡೋಕೆ ಅಮ್ಮ ಇಪ್ಪತ್ತು ವರ್ಷ ಕಾದ್ಲು," ಹೆನ್ನಿ ಕೊನೆಗೆ ಅಂದಳು. "ನಾಲ್ಕು ದಿನ ತಡವಾಗಿ ಬಂದೆ."

"ತಪ್ಪಾಯ್ತು, ಅತ್ತಿಗೆ. ಆ ಸಾರಿನ ಜೋಕು ಹೇಳ್ಬಾರ್ದಿತ್ತು."

"ಹೇಳ್ಬಾರ್ದಿತ್ತಾ? ಅದು ಕಿವಿಗೆ ಬಿದ್ದ ವಾರಾನೇ ಅಮ್ಮ ಒಂದು ಕೋಳಿ ಬದ್ಲು ಎರಡು ಹಾಕೋಕೆ ಶುರು ಮಾಡಿದ್ಲು. 'ಈಗ ಹೇಳ್ಲಿ ನೋಡೋಣ' ಅಂತ. ನಾನು ಹುಟ್ಟಿದಾಗಿಂದ ಬೇಡ್ಕೊಂಡ್ರೂ ಹಾಕಿರ್ಲಿಲ್ಲ. ಇದನ್ನ ನಿಂಗೆ ಹೇಳೋಕೆ ಇಷ್ಟು ವರ್ಷ ನಂಗೇ ಬಿಗುಮಾನ."

ಹೆನ್ನಿಯ ಭುಜ ಅಲುಗಿತು. ಅಳುತ್ತಿದ್ದಾಳೆಂದು ಫ್ರೀಡಾ ಕೈ ಚಾಚಿದಳು. ಹೆನ್ನಿ ನಗುತ್ತಿದ್ದಳು.

"ಒಂದು ಮೊಟ್ಟೆ ಕೊಡು ಇತ್ಲಾಗೆ. ನಾಳೇನೂ ಬಾ."

ಫ್ರೀಡಾ ಒಂದು ಮೊಟ್ಟೆ ಸುಲಿದು ಅವಳ ಕೈಗಿಟ್ಟಳು.

ಆ ಜೋಕು ಬ್ರೈನಾಗೆ ತಲುಪಿದ್ದು ಹೇಗೆಂದು ಹೆನ್ನಿ ಹೇಳಲಿಲ್ಲ. ನೆರೆಯವರು ತಂದು ಮುಟ್ಟಿಸಿದರೋ, ಆಕೆಯೇ ಕ್ಲಬ್ಬಿನ ಹಿಂದಿನ ಸಾಲಿನಲ್ಲಿ ಕೂತು ಕೇಳಿದರೋ, ಕೇಳಿ ನಕ್ಕರೋ ಇಲ್ಲವೋ, ತಿಳಿಯದು.