ಯಂಕಮ್ಮ ಎರಡನೇ ಸಲ ರಕ್ತ ಕೊಟ್ಟದ್ದು

ಒಮ್ಮೆ ತೆಗೆದ ರಕ್ತ ಮೈಗೆ ತಿರುಗಿ ಬರುವುದಿಲ್ಲ ಎಂದೇ ಸಾಬಣ್ಣ ನಂಬಿದ್ದ. ನಾರಾಯಣಪುರದ ಕಾಲುವೆಯ ಮೇಲೆ ಗೇಟು ಎತ್ತಿ ನೀರು ಬಿಡುವ ಕೆಲಸ ಅವನದು. ತುಂಬಿ ಹರಿಯುವ ನೀರಿಗೆ ಅಂಜದವನು ಸೂಜಿ ಕಂಡರೆ ಮುಖ ತಿರುಗಿಸುತ್ತಿದ್ದ.

ಎರಡು ವರ್ಷದ ಹಿಂದೆ ಅವನ ಹೆಂಡತಿ ಯಂಕಮ್ಮನ ಎದೆಯಲ್ಲಿ ಗಂಟು ಕಂಡಿತ್ತು. ಕ್ಯಾನ್ಸರ್ ಅಂದರು. ಕಲಬುರಗಿಯಲ್ಲಿ ಆಪರೇಷನ್ ಆಯಿತು, ಕೂದಲು ಉದುರುವ ಚಿಕಿತ್ಸೆಯೂ ಮುಗಿಯಿತು. ಈಗ ಕೂದಲು ಬಂದಿವೆ. ಯಂಕಮ್ಮ ಮೊದಲಿನಂತೆ ರೊಟ್ಟಿ ಬಡಿಯುತ್ತಾಳೆ. ರೋಗ ಮರಳದಿರಲು ದಿನಕ್ಕೊಂದು ಗುಳಿಗೆ, ಮೂರು ತಿಂಗಳಿಗೊಮ್ಮೆ ತಪಾಸಣೆ, ಅಷ್ಟೇ.

ಕಳೆದ ತಿಂಗಳು ಒಂದು ಸಂಶೋಧನೆಗೆಂದು ಸುರಪುರದಲ್ಲಿ ಅವಳ ರಕ್ತ ತೆಗೆದುಕೊಂಡಿದ್ದರು. ಕಲಬುರಗಿಗೆ ಒಯ್ಯುವಾಗ ದಾರಿಯಲ್ಲಿ ಗಾಡಿ ಕೆಟ್ಟು ನಿಂತಿತು. ತಲುಪುವಷ್ಟರಲ್ಲಿ ರಕ್ತ ಹಾಳಾಗಿತ್ತು. ಇನ್ನೊಮ್ಮೆ ಕೊಡುತ್ತೀರಾ ಎಂದು ಕೇಳಲು ಆಶಾ ಕಾರ್ಯಕರ್ತೆ ರೇವತಿ ಮನೆಗೆ ಬಂದಳು.

“ಹಾಳಾತಂತ. ಎಲ್ಲಿ ಮಾರ್ಕೊಂಡಾರೋ ಏನೋ,” ಅಂದ ಸಾಬಣ್ಣ. “ಇನ್ನೊಮ್ಮಿ ಕೊಡಾಕ ಈಕಿ ಮೈಯಾಗ ಏನ್ ಉಳದದವ್ವ?”

“ಕಾಕಾ, ತಗೊಳ್ಳೋದು ಎರಡು ಚಮಚದಷ್ಟು. ಉಂಡು ತಿಂದು ಇದ್ರ ಮೈ ತಾನೇ ಅದನ್ನ ತುಂಬಿಕೊಳ್ತದ.”

“ಗಂಟು ತಗದಾರಲ್ಲ, ಮತ್ತ ರಕ್ತದಾಗ ಏನ್ ಹುಡುಕ್ತಾರ?”

“ಗಂಟು ತಗಿಯೂ ಮೊದಲೇ ಅದರಿಂದ ಕ್ಯಾನ್ಸರ್ ಕಣ ಒಂದೊಂದು ಬಿಟ್ಟು ಬಂದು ರಕ್ತದಾಗ ತಿರುಗಾಡಬಹುದ್ರಿ. ಎಲ್ಲರೆ ಹೋಗಿ ಕುಂತ್ರ ಅಲ್ಲಿ ಮತ್ತ ಬೆಳೀಬಹುದು. ಅದನ್ನ ಜಲ್ದಿ ಹಿಡಿಯಾಕ ನೋಡಾಕತ್ತಾರ. ಆದ್ರ ನೂರಾರು ಚೀಲ ಸಜ್ಜಿಯಾಗ ಒಂದು ಜ್ವಾಳದ ಕಾಳು ಬೆರೆತ್ರ ಹುಡುಕೋದು ಹೆಂಗ? ಈಗಿನ ಪರೀಕ್ಷೆ ಅನ್ನೋ ಜರಡಿಗೆ ಕೆಲವು ಸಿಗ್ತಾವ, ಕೆಲವು ಜಾರಿ ಹೋಗ್ತಾವ. ಅದಕ್ಕ ಇನ್ನೂ ಚೊಲೋ ಜರಡಿ ಮಾಡಾಕತ್ತಾರ.”

ಸಾಬಣ್ಣನಿಗೆ ಪೂರಾ ನಂಬಿಕೆ ಬರಲಿಲ್ಲ. “ಹಂಗಾದ್ರ ನಾನೂ ಬರ್ತೀನಿ. ರಕ್ತ ಎಲ್ಲಿ ಒಯ್ತಾರ ಕಣ್ಣಾರೆ ನೋಡ್ತೀನಿ.”

“ಬರ್ರಿ ಕಾಕಾ. ನೋಡಾಕಂತಲೇ ಬರ್ರಿ,” ಅಂದಳು ರೇವತಿ.

ತಪಾಸಣೆಯ ದಿನ ಮೂವರೂ ಕಲಬುರಗಿಗೆ ಹೋದರು. ಸಿಸ್ಟರ್ ಪರಿಮಳಾ ಒಪ್ಪಿಗೆ ಪತ್ರವನ್ನು ಸಾವಕಾಶ ಓದಿ ಹೇಳಿದರು. ಸಹಿ ಮಾಡಲು ಸಾಬಣ್ಣ ಪೆನ್ನಿಗೆ ಕೈಚಾಚಿದ.

“ನಿಮ್ಮದಲ್ರಿ, ಅವರ ಸಹಿ ಬೇಕು,” ಅಂದರು ಸಿಸ್ಟರ್. “ಯಂಕಮ್ಮ, ನಿಮಗ ಮನಸ್ಸಿಲ್ಲಂದ್ರ ಬ್ಯಾಡ ಅನ್ರಿ. ಅದಕ್ಕಾಗಿ ಚಿಕಿತ್ಸೆ ನಿಲ್ಲೂದಿಲ್ಲ.”

ಸಾಬಣ್ಣ ಕೈ ಹಿಂದೆ ತೆಗೆದುಕೊಂಡ. “ಇದರಿಂದ ಈಕಿಗೆ ಏನ್ ಫಾಯ್ದೆ?” ಎಂದು ಕೇಳಿದ.

“ಈಗ ಇರಲಿಕ್ಕಿಲ್ರಿ. ಮುಂದ ಬರೋರಿಗೆ ಆಗಬಹುದು.” ಸಿಸ್ಟರ್ ಯಂಕಮ್ಮನ ಕಡೆ ತಿರುಗಿದರು. “ಗುಳಿಗಿ ದಿನಾ ತಗೊಳ್ತೀರಿಲ್ಲ?”

ಯಂಕಮ್ಮ ನೆಲ ನೋಡಿದಳು. “ಬಿಟ್ಟು ಎರಡು ತಿಂಗಳಾತ್ರಿ. ಮೈಯೆಲ್ಲಾ ಬೆಂಕಿ ಹತ್ತಿದಂಗ ಆಗ್ತಿತ್ತು. ಇವ್ರಿಗೆ ಹೇಳಿದ್ರ ಫಿಕರ್ ಮಾಡ್ತಾರಂತ ಸುಮ್ನಿದ್ದೆ.”

ಸಾಬಣ್ಣ ಹೆಂಡತಿಯ ಕಡೆ ತಿರುಗಿ ನೋಡಿದ. ಎರಡು ಚಮಚ ರಕ್ತಕ್ಕೆ ಇಷ್ಟು ಜಗಳ ಮಾಡಿದವನು, ಗುಳಿಗೆ ನುಂಗಿದಿಯಾ ಎಂದು ಒಂದು ದಿನವೂ ಕೇಳಿರಲಿಲ್ಲ.

ಡಾಕ್ಟರಮ್ಮ ಬಂದು ಯಂಕಮ್ಮನನ್ನು ಪರೀಕ್ಷಿಸಿದರು. ಹೊಸ ಗಂಟು ಕೈಗೆ ಸಿಗಲಿಲ್ಲ. ಉರಿಗೆ ಬೇರೆ ಉಪಾಯ ಇದೆ, ಗುಳಿಗೆ ಮಾತ್ರ ಇವತ್ತಿನಿಂದಲೇ ಶುರು ಮಾಡಬೇಕು ಎಂದರು.

“ರಕ್ತದಾಗ ಏನೂ ಸಿಗಲಿಲ್ಲಂದ್ರ ಗುಳಿಗಿ ಬಿಡಬಹುದೇನ್ರಿ?” ಯಂಕಮ್ಮ ಕೇಳಿದಳು.

“ಇಲ್ಲಮ್ಮ. ಇದು ಇನ್ನೂ ಕಲಿಯೋ ಹಂತದಾಗ ಅದ. ಗುಳಿಗೆಗೂ ತಪಾಸಣೆಗೂ ಇದು ಬದಲಿ ಅಲ್ಲ.”

ಯಂಕಮ್ಮ ಪೆನ್ನು ತೆಗೆದುಕೊಂಡಳು. “ನಾನು ನುಂಗೋ ಗುಳಿಗಿ ಕಂಡುಹಿಡಿಯಾಕೂ ಮೊದಲ ಯಾರೋ ಹಿಂಗ ಬಂದು ಕುಂತಿರಬೇಕಲ್ರಿ. ಬರೀತೀನಿ.” ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.

ರಕ್ತ ತೆಗೆದ ಕೂಡಲೇ ಲ್ಯಾಬಿನ ಲಾಡ್ಲೇಸಾಬ ಅದನ್ನು ಒಯ್ದ. ಸಾಬಣ್ಣ ಅವನ ಬೆನ್ನು ಹತ್ತಿದ. ಲಾಡ್ಲೇಸಾಬ ಬೇಜಾರು ಮಾಡಿಕೊಳ್ಳಲಿಲ್ಲ. ಕಲಿಸಲು ಇಟ್ಟಿದ್ದ ಒಂದು ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, “ಬಗ್ಗಿ ನೋಡ್ರಿ,” ಅಂದ.

ಸಾಬಣ್ಣ ಬಗ್ಗಿದ. ಸಣ್ಣ ಸಣ್ಣ ಕಣಗಳು ಲೆಕ್ಕವಿಲ್ಲದಷ್ಟಿದ್ದವು. ನಡುವೆ ದಪ್ಪನೆಯದೊಂದು ಬೇರೆ ಬಣ್ಣದಲ್ಲಿ ಹೊಳೆಯುತ್ತಿತ್ತು.

“ಇದು ನಮ್ಮಾಕಿದೇನ್ರಿ?” ಅವನು ಕಣ್ಣು ತೆಗೆಯದೆ ಕೇಳಿದ.

“ಅಲ್ರಿ, ಇದು ಬ್ಯಾರೆಯವರ ಕ್ಯಾನ್ಸರ್ ಕಣ. ಅವರದು ಇನ್ನೂ ನೋಡಬೇಕು. ತಡ ಆದ್ರ ಕೆಡ್ತದಂತಲೇ ಓಡಿ ಬಂದೆ.”

“ಹೋಗ್ರಿ, ಮೊದಲ ಅದನ್ನ ಮಾಡ್ರಿ,” ಎಂದು ಸಾಬಣ್ಣ ದಾರಿ ಬಿಟ್ಟ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ಹೆಂಡತಿಗೆ ಹೇಳಿದ: “ಇನ್ನ ಏನ್ ತಕ್ಲೀಫ್ ಆದ್ರೂ ನನಗ ಹೇಳು. ಫಿಕರ್ ನಾನೂ ಜರಾ ಮಾಡ್ತೀನಿ.” ಯಂಕಮ್ಮ ನಕ್ಕಳು. ಮೂರು ತಿಂಗಳ ನಂತರದ ತಪಾಸಣೆಗೆ ಅವನೇ ರಜೆ ಹಾಕಿ ಅವಳನ್ನು ಕರೆದುಕೊಂಡು ಹೋದ.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯಲ್ಲೂ ಕ್ಯಾನ್ಸರ್ ಚಿಕಿತ್ಸೆ ಪಡೆದವರು ಇರಬಹುದು. ಗುಳಿಗೆ ನುಂಗಿದರೋ ಇಲ್ಲವೋ, ಇವತ್ತೇ ಕೇಳಿ. ತ್ರಾಸಾದರೆ ಔಷಧ ಬಿಡಬೇಡಿ, ಡಾಕ್ಟರಿಗೆ ತಿಳಿಸಿ. ಸಂಶೋಧನೆಗೆ ರಕ್ತ ಕೇಳಿದರೆ ಅಂಜಿ ಓಡಬೇಡಿ, ತಿಳಿಯದೆ ಸಹಿಯನ್ನೂ ಹಾಕಬೇಡಿ. ಯಾಕೆ, ಎಷ್ಟು, ಎಲ್ಲಿಗೆ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು. ಮನಸ್ಸು ಒಪ್ಪಿದರೆ ಕೊಡಿ. ನೀವು ಕೊಟ್ಟ ಎರಡು ಚಮಚ ನಾಳೆ ಯಾವುದೋ ಊರಿನ ಒಬ್ಬ ತಾಯಿಯ ರೋಗವನ್ನು ಬೇಗ ಹಿಡಿದೀತು.